ಸಿನಿಮಾ ನೋಡದವರ ಬಾಯಲ್ಲಿ ಉಳಿದ ಸಿನಿಮಾ

ಕಳೆದ ತಿಂಗಳು ನಮ್ಮ ತೋಟದ ಪೋಡಿ (ಜಮೀನು ಅಳೆದು ಪಾಲು ಬೇರ್ಪಡಿಸುವ) ಕೆಲಸಕ್ಕೆಂದು ಸರ್ಕಾರಿ ಕಚೇರಿಯೊಂದರ ಜಗಲಿಯಲ್ಲಿ ಕಾದು ಕುಳಿತಿದ್ದೆ. ಪಕ್ಕದಲ್ಲಿದ್ದ ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು ಪ್ಲಾಸ್ಟಿಕ್ ಕವರಿನಿಂದ ಕಾಗದಗಳನ್ನು ಒಂದೊಂದಾಗಿ ತೆಗೆದು, ನೋಡಿ, ಮತ್ತೆ ಅದೇ ಕ್ರಮದಲ್ಲಿ ಒಳಗಿಡುತ್ತ, "ನಂದು ತಬರನ ಕಥೆ ಆಗೋಯ್ತು ಕಣಪ್ಪ" ಎಂದರು. ಆ ಸಿನಿಮಾ ನೋಡಿದ್ದೀರಾ ಎಂದು ಕೇಳಿದೆ. "ಯಾವ ಸಿನಿಮಾ?" ಎಂದು ನನ್ನನ್ನೇ ತಿರುಗಿ ಕೇಳಿದರು.

ನಮ್ಮ ಮೂಡಿಗೆರೆಯ ತೇಜಸ್ವಿಯವರ ಕಥೆಯನ್ನು ಗಿರೀಶ್ ಕಾಸರವಳ್ಳಿಯವರು ತೆರೆಗೆ ತಂದ 'ತಬರನ ಕಥೆ' 1986ನೇ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ತಬರಶೆಟ್ಟಿಯಾಗಿ ನಟಿಸಿದ ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿಯೂ ಬಂತು. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ನಿವೃತ್ತ ನೌಕರನೊಬ್ಬನ ಕಥೆ ಅದು. ಅಲೆಸುವ ಕಚೇರಿಗಳು ತಬರನಿಗಿಂತ ಮೊದಲೂ ಇದ್ದವು, ಅಲೆಯುವವರೂ ಇದ್ದರು. ಇಲ್ಲದಿದ್ದದ್ದು ಆ ಪಾಡಿಗೊಂದು ಹೆಸರು ಮಾತ್ರ. ಒಂದು ಸಿನಿಮಾ ನಾಡಿನ ಸಂಸ್ಕೃತಿಯನ್ನು ರೂಪಿಸಿತು ಎಂದು ಹೇಳಬೇಕಾದರೆ ಅದು ಎಷ್ಟು ಕೋಟಿ ಗಳಿಸಿತು, ಎಷ್ಟು ದಿನ ಓಡಿತು ಎಂದು ಎಣಿಸುವುದಕ್ಕಿಂತ, ಅದನ್ನು ನೋಡದವರ ಮಾತಿನಲ್ಲಿ ಅದರ ಯಾವ ಚೂರು ಸೇರಿಕೊಂಡಿದೆ ಎಂದು ಹುಡುಕುವುದೇ ಸರಿಯಾದ ದಾರಿ ಎಂದು ನನಗೆ ಅಂದೇ ಅನ್ನಿಸಿತು. ಆ ಚೂರು ಕಥೆಯಿಂದ ಬಂತೋ ಸಿನಿಮಾದಿಂದ ಬಂತೋ ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ನನಗೆ ತಬರ ಎಂದೊಡನೆ ಕಣ್ಣೆದುರು ಬರುವುದು ಚಾರುಹಾಸನ್ ಅವರ ಮುಖವೇ.

ಯಾವ ಚೂರು ಉಳಿಯಬೇಕೆಂಬುದನ್ನು ನಿರ್ದೇಶಕರು ತೀರ್ಮಾನಿಸುವುದಿಲ್ಲ, ಜನ ತೀರ್ಮಾನಿಸುತ್ತಾರೆ. ಸಿದ್ದಲಿಂಗಯ್ಯನವರ 'ಬಂಗಾರದ ಮನುಷ್ಯ' 1972ರಲ್ಲಿ ಬಂದು ಬೆಂಗಳೂರಿನಲ್ಲಿ ವರ್ಷ ಮೀರಿ ಓಡಿತು. ಅದನ್ನು ನೋಡಿ ಪೇಟೆ ಬಿಟ್ಟು ಹಳ್ಳಿಗೆ ಮರಳಿ ನೇಗಿಲು ಹಿಡಿದವರ ಮಾತು ಇಂದಿಗೂ ಕೇಳಿಬರುತ್ತದೆ. ನಮ್ಮ ಸೋದರಮಾವನವರೂ ಅಂಥವರಲ್ಲಿ ಒಬ್ಬರು. ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಬಂಜರಾಗಿದ್ದ ಎರಡು ಎಕರೆಗೆ ಶುಂಠಿ ಹಾಕಿದರು, ಮೊದಲ ವರ್ಷವೇ ಗೆಡ್ಡೆ ಕೊಳೆತು ಕೈ ಸುಟ್ಟುಕೊಂಡರು, ಆದರೂ ವಾಪಸು ಹೋಗಲಿಲ್ಲ. ಅಚ್ಚರಿಯ ಸಂಗತಿಯೆಂದರೆ, ಆ ಸಿನಿಮಾದ ಕೊನೆಯಲ್ಲಿ ನಾಯಕ ರಾಜೀವ ತಾನು ಬೆಳೆಸಿದ ಮನೆಯವರಿಂದಲೇ ನೊಂದು, ಎಲ್ಲವನ್ನೂ ಬಿಟ್ಟು ಹೊರಟುಹೋಗುತ್ತಾನೆ. ಬೇಸಾಯದ ಆಸೆ ಹುಟ್ಟಿಸಬೇಕಾದ ಮುಕ್ತಾಯವೇ ಅಲ್ಲ ಅದು. ಮಾವನವರಿಗೆ ಈ ಮಾತು ಹೇಳಿದರೆ, "ಅದು ಬಿಡು, ಬಂಡೆ ಒಡೆದು ಹೊಲ ಮಾಡಿದ್ದು ನೋಡು" ಎನ್ನುತ್ತಿದ್ದರು. ತಮಗೆ ಬೇಕಾದ ಸಿನಿಮಾವನ್ನು ಅವರು ಆ ಸಿನಿಮಾದೊಳಗಿಂದ ಆರಿಸಿಕೊಂಡಿದ್ದರು.

ಇದಕ್ಕೆ ತೀರ ಬೇರೆಯದಾದ ದಾರಿ 'ಸಂಸ್ಕಾರ'ದ್ದು. ನಮ್ಮ ಜಿಲ್ಲೆಯ ಶೃಂಗೇರಿ ಬಳಿಯ ವೈಕುಂಠಪುರದಲ್ಲಿ ಚಿತ್ರೀಕರಣಗೊಂಡ ಈ ಚಿತ್ರವನ್ನು ಸೆನ್ಸಾರ್ ಮಂಡಳಿ ಮೊದಲು ತಡೆಯಿತು. ಮುಂದೆ ಅದಕ್ಕೇ 1970ನೇ ಸಾಲಿನ ಅತ್ಯುತ್ತಮ ಚಿತ್ರ ಪ್ರಶಸ್ತಿ ಸಿಕ್ಕಿತು. ಜನಸಾಮಾನ್ಯರ ಬಾಯಲ್ಲಿ ಅದರ ಮಾತು ಉಳಿದಿದೆ ಎನ್ನಲಾರೆ. ಅದರ ಪ್ರಭಾವ ಸಿನಿಮಾ ಮಾಡುವವರ ಮೇಲಾಯಿತು: 'ಚೋಮನ ದುಡಿ', 'ಘಟಶ್ರಾದ್ಧ'ಗಳು ನಡೆದದ್ದು ಅದು ಕಡಿದ ಹಾದಿಯಲ್ಲಿ.

ಇನ್ನು ನಮ್ಮ ಮಳೆಯ ವಿಚಾರ. 2006ರ ಕೊನೆಯಲ್ಲಿ ತೆರೆಕಂಡ 'ಮುಂಗಾರು ಮಳೆ' ಸಕಲೇಶಪುರದ ಸುತ್ತಮುತ್ತಲ ತೋಟ, ಮಂಜು, ಮಳೆಯನ್ನು ನಾಡಿಗೆಲ್ಲ ತೋರಿಸಿತು. ಪ್ರೀತಿಸಿದ ಹುಡುಗಿಯನ್ನು ನಾಯಕ ಬಿಟ್ಟುಕೊಡುವುದು ಅದರ ತಿರುಳು. ಜನ ಇಟ್ಟುಕೊಂಡದ್ದು ಮಾತ್ರ ಮಳೆಯನ್ನು. ಹೋಂಸ್ಟೇಗಳು ಹೆಚ್ಚಿದ್ದಕ್ಕೆಲ್ಲ ಆ ಒಂದು ಸಿನಿಮಾವನ್ನೇ ಹೊಣೆ ಮಾಡುವುದು ತಪ್ಪಾಗುತ್ತದೆ, ಆದರೆ ಬರುವವರು ಎಂಥ ಮಲೆನಾಡನ್ನು ತಲೆಯಲ್ಲಿಟ್ಟುಕೊಂಡು ಬರುತ್ತಾರೆಂಬುದನ್ನು ಅದು ಬಹುಮಟ್ಟಿಗೆ ನಿರ್ಧರಿಸಿತು. ಕಾಫಿ ಬೆಳೆಗಾರ ಬಾನಿನತ್ತ ಕಣ್ಣು ನೆಟ್ಟು ಕಾಯುವ ಮಳೆ ಮುಂಗಾರಿನದಲ್ಲ, ಮಾರ್ಚ್ ಏಪ್ರಿಲ್‌ನಲ್ಲಿ ಬಿದ್ದು ಗಿಡ ಹೂಬಿಡುವಂತೆ ಮಾಡುವ ಹೂಮಳೆ. ಅದು ತಪ್ಪಿದರೆ ಆ ವರ್ಷದ ಫಸಲೇ ತಪ್ಪಿದಂತೆ. ಜುಲೈ ತಿಂಗಳ ಬಿಡದ ಜಡಿಮಳೆಯೆಂದರೆ ನಮಗೆ ಕೊಳೆರೋಗ, ಉದುರಿದ ಕಾಯಿ, ವಾರಗಟ್ಟಲೆ ಇಲ್ಲದ ಕರೆಂಟು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಮುಚ್ಚಿದ್ದೂ ಈ ಮಳೆಯಿಂದಲೇ.

ಹೊರಗಿನವರು ನಮ್ಮನ್ನು ಹೀಗೆ ನೋಡಿದರೆ ನನಗೇನೂ ದೂರಿಲ್ಲ. ನಾವೇ ನಮ್ಮನ್ನು ಹಾಗೆ ನೋಡಲು ತೊಡಗಿದ್ದೇವೆ ಎಂಬುದು ನನ್ನ ಕಸಿವಿಸಿ. ಹೋದ ವರ್ಷ ಮಗಳು ರೀಲ್ಸ್ ಮಾಡಲೆಂದು ಕಣದ ಅಂಚಿನಲ್ಲಿ ಫೋನ್ ನಿಲ್ಲಿಸಿ, ಮಳೆಯಲ್ಲಿ ಕೈಚಾಚಿ ಸುತ್ತುತ್ತಿದ್ದಳು. ಹಿಂದೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ತೋಟದ ಕೂಲಿಯವರ ಲೈನ್ ಮನೆಯಿಂದ ಕೆಲಸಕ್ಕೆ ಬರುತ್ತಿದ್ದ ಇಬ್ಬರು ಹೆಂಗಸರು ಫೋನ್ ಕಂಡು ನಿಂತರು. "ಅಕ್ಕಾ, ಒಂಚೂರು ಆ ಕಡೆ ಹೋಗ್ತೀರಾ?" ಎಂದು ಮಗಳು ವಿನಯದಿಂದಲೇ ಕೇಳಿದಳು, ಅವರೂ ನಗುತ್ತಲೇ ಸರಿದರು. ತೋಟ ತೋರಿಸುವ ನಮ್ಮ ಎಷ್ಟೋ ಸಿನಿಮಾಗಳಲ್ಲಿ ಅವರು ಸರಿದು ನಿಂತೇ ಇದ್ದಾರೆ. ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಕಚೇರಿಯ ಆ ಹಿರಿಯರು ಮೊನ್ನೆ ಸಂತೆಯಲ್ಲಿ ಮತ್ತೆ ಸಿಕ್ಕರು. ಕೆಲಸ ಇನ್ನೂ ಆಗಿರಲಿಲ್ಲ. ನಮ್ಮ ಅಂದಿನ ಮಾತು ಅವರ ತಲೆಯಲ್ಲಿ ಉಳಿದಿತ್ತೆಂದು ಕಾಣುತ್ತದೆ, "ಅಲ್ಲಪ್ಪ, ಆ ಸಿನಿಮಾದಲ್ಲಿ ತಬರನ ಕೆಲಸ ಕೊನೆಗೆ ಆಗ್ತದಾ?" ಎಂದು ಕೇಳಿದರು. ಅವನ ಹೆಂಡತಿ ಉಳಿಯುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಕಾಫಿ ಕುಡಿಯೋಣ ಬನ್ನಿ ಎಂದು ಹೋಟೆಲಿಗೆ ಕರೆದುಕೊಂಡು ಹೋದೆ.