ಜೋರ್ಡನ್ ಯಾರ ಪರ ನಿಂತಿದ್ದರು ಎಂಬುದೂ ಮುಖ್ಯ
1847ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಹುದ್ದೆಗೆ ನಡೆದ ಚುನಾವಣೆಯಲ್ಲಿ ವಿಗ್ ಪಕ್ಷದ ಆಂಬ್ರೋಸ್ ಜೋರ್ಡನ್ ಗೆದ್ದದ್ದಕ್ಕೆ ಡೆಮಾಕ್ರಟಿಕ್ ಪಕ್ಷದ ಒಳಜಗಳವೊಂದೇ ಕಾರಣವೆಂಬಂತೆ ಆ ಚುನಾವಣೆ ಕುರಿತ ನಿಮ್ಮ ಲೇಖನ ಹೇಳುತ್ತದೆ. ಆ ಪಕ್ಷದ ಸುಧಾರಣಾವಾದಿ ಬಾರ್ನ್‌ಬರ್ನರ್ ಮತ್ತು ಸಂಪ್ರದಾಯವಾದಿ ಹಂಕರ್ ಬಣಗಳು ಆ ವರ್ಷ ಬೇರೆಯಾದದ್ದು ನಿಜ. ಆದರೆ ಗೆದ್ದವರು ಎಂಥ ವಕೀಲರು ಎಂಬುದನ್ನು ಹೇಳದೆ ಬಿಟ್ಟದ್ದು ನನಗೆ ದೊಡ್ಡ ಕೊರತೆಯಾಗಿ ಕಂಡಿತು. ಅದೇ ರಾಜ್ಯದ ಹಡ್ಸನ್ ಕಣಿವೆಯ ಜಮೀನ್ದಾರರ ವಿರುದ್ಧ ಎದ್ದ ಗೇಣಿದಾರರ ಮುಂದಾಳು, ‘ಬಿಗ್ ಥಂಡರ್’ ಎಂಬ ಹೆಸರಿನಲ್ಲಿ ವೇಷ ಮರೆಸಿಕೊಂಡು ಓಡಾಡುತ್ತಿದ್ದ ವೈದ್ಯ ಸ್ಮಿತ್ ಬೌಟನ್ ಅವರ ವಿಚಾರಣೆ 1845ರಲ್ಲಿ ಹಡ್ಸನ್ ಪಟ್ಟಣದಲ್ಲಿ ನಡೆದಾಗ ಅವರ ಪರ ವಾದಿಸಿದವರು ಇದೇ ಜೋರ್ಡನ್. ಸರ್ಕಾರದ ಪರ ನಿಂತವರು ಅಂದಿನ ಅಟಾರ್ನಿ ಜನರಲ್, ಅಮೆರಿಕದ ಮಾಜಿ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್ ಅವರ ಮಗ ಜಾನ್. ನ್ಯಾಯಾಲಯದೊಳಗೇ ಕೈಕೈ ಮಿಲಾಯಿಸಿದ ಈ ಇಬ್ಬರನ್ನೂ ನ್ಯಾಯಾಧೀಶರು ಜೈಲಿಗೆ ಕಳಿಸಿದ್ದರು. ಜಾನ್ ಅವರನ್ನು ಆ ಹುದ್ದೆಗೆ ಆರಿಸಿದ್ದು ಶಾಸಕಾಂಗ; 1846ರ ರಾಜ್ಯ ಸಂವಿಧಾನ ಆ ಅಧಿಕಾರವನ್ನು ಮತದಾರರ ಕೈಗೆ ಕೊಟ್ಟ ಮೇಲೆ ಮೊದಲು ಆರಿಸಿಬಂದವರು ಜೋರ್ಡನ್. ಅದೇ ಸಂವಿಧಾನ ಊಳಿಗಮಾನ್ಯ ಗೇಣಿ ಪದ್ಧತಿಯನ್ನು ರದ್ದುಪಡಿಸಿ, ಕೃಷಿಭೂಮಿಯ ಹೊಸ ಗೇಣಿ ಕರಾರುಗಳನ್ನು 12 ವರ್ಷಕ್ಕೆ ಮಿತಿಗೊಳಿಸಿತ್ತು ಎಂಬುದನ್ನೂ ದಯವಿಟ್ಟು ಲೇಖನಕ್ಕೆ ಸೇರಿಸಬೇಕೆಂದು ಕೋರುತ್ತೇನೆ.