ಪ್ರದಕ್ಷಿಣೆ ಹಾಕಿ, ಹೃದಯ ಕಾಪಾಡಿ

ನಮ್ಮ ಬಡಾವಣೆಯ ಪಾರ್ಕಿನ ಗೇಟಿನಲ್ಲಿ ಒಂದೇ ಕಂಬಕ್ಕೆ ಎರಡು ಬೋರ್ಡು ಹೊಡೆದಿದ್ದಾರೆ. ಮೇಲಿನದರಲ್ಲಿ ಒಂದು ಕೆಂಪು ಹೃದಯ, ಅದಕ್ಕೆ ಎರಡು ಕಾಲು, ಕಾಲಿಗೆ ಶೂ. 'ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ, ಹೃದ್ರೋಗ ದೂರವಿಡಿ' ಎಂದು ಬರೆದಿದೆ. ಕೆಳಗಿನದು ನಿವಾಸಿಗಳ ಸಂಘದ್ದು. ಅದರಲ್ಲಿ ಚಿತ್ರ ಇಲ್ಲ. 'ಓಡಬಾರದು. ಆಟ ಆಡಬಾರದು. ಹುಲ್ಲಿನ ಮೇಲೆ ಕಾಲಿಡಬಾರದು. ಜಿಮ್ ಉಪಕರಣಗಳನ್ನು ದುರುಪಯೋಗಪಡಿಸಿಕೊಳ್ಳಬಾರದು. ಅಪ್ರದಕ್ಷಿಣವಾಗಿ ನಡೆಯಬಾರದು.'

ಕೊನೆಯ ಸಾಲನ್ನು ಮೊದಲ ಸಲ ಓದಿದಾಗ ಒಳಗೆ ದೇವಸ್ಥಾನ ಇರಬೇಕು ಅಂದುಕೊಂಡು, ಚಪ್ಪಲಿ ಎಲ್ಲಿ ಬಿಡೋದು ಎಂದು ಸುತ್ತಮುತ್ತ ನೋಡಿದೆ. ದೇವರು ಇರಲಿಲ್ಲ. ನಟ್ಟನಡುವೆ ನೀರಿಲ್ಲದ ಒಂದು ಕಾರಂಜಿ ಇತ್ತು. ಐವತ್ತು ಜನ ಅದಕ್ಕೇ ಭಕ್ತಿಯಿಂದ ಪ್ರದಕ್ಷಿಣೆ ಹಾಕುತ್ತಿದ್ದರು.

ಪಾರ್ಕೇ ಯಾಕೆ, ಫುಟ್‌ಪಾತ್ ಮೇಲೆ ನಡೆಯಬಾರದಾ ಎಂದು ಕೇಳಿದರೆ ನೀವು ಬೆಂಗಳೂರಿನವರಲ್ಲ. ಲಾಲ್‌ಬಾಗಿಗೆ ಹೋಗಬಾರದಾ ಎಂದು ಕೇಳಿದರೆ ಅದೊಂದು ಮಾತು. ಇನ್ನೂರ ನಲವತ್ತು ಎಕರೆ, ಬೇಕಾದಷ್ಟು ಮರ, ಒಳ್ಳೆಯ ಗಾಳಿ. ಆದರೆ ಎರಡು ಕಿಲೋಮೀಟರ್ ನಡೆಯಲು ಆರು ಕಿಲೋಮೀಟರ್ ಕಾರಲ್ಲಿ ಕೂತು ಹೋಗಬೇಕು, ಗಾಡಿ ನಿಲ್ಲಿಸಲು ಜಾಗ ಹುಡುಕಬೇಕು, ಇನ್ನೊಬ್ಬ ನಡೆಯೋಕೆ ಬಂದವನ ಜೊತೆ ಆ ಜಾಗಕ್ಕೆ ಜಗಳ ಆಡಬೇಕು. ಬಿ.ಪಿ. ಇಳಿಸಲು ಹೋಗಿ ಗೇಟಲ್ಲೇ ಏರಿಸಿಕೊಂಡಂತೆ. ಅಲ್ಲಿನ ಬಂಡೆ 300 ಕೋಟಿ ವರ್ಷದಿಂದ ಕದಲದೆ ಕೂತಿದೆ. ಅದಕ್ಕೇನೂ ಆಗಿಲ್ಲ, ಯಾಕೆಂದರೆ ಅದಕ್ಕೆ ಹೃದಯ ಇಲ್ಲ. ನಮಗೆ ಇದೆ. ಜೊತೆಗೆ ರಕ್ತ ಪರೀಕ್ಷೆಯ ರಿಪೋರ್ಟೂ ಇದೆ.

ನನ್ನ ರಿಪೋರ್ಟ್ ನೋಡಿದ ಡಾಕ್ಟರು ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ ಅಂದಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ಇದು, ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ. ಬಿರುಸು ಅಂದರೆ ಎಷ್ಟು ಅಂತ ಕೇಳಿದೆ. "ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು" ಅಂದರು. ನಮ್ಮ ಪಾರ್ಕಲ್ಲಿ ಈ ಪರೀಕ್ಷೆಯನ್ನು ದಿನಾ ನೋಡುತ್ತೇನೆ. ಒಬ್ಬರು ಯಲಹಂಕದ ಸೈಟಿನ ರೇಟು, ದೇವನಹಳ್ಳಿಯ ಸೈಟಿನ ರೇಟು, ಭಾವಮೈದುನ ಮೋಸ ಮಾಡಿದ ಸೈಟಿನ ರೇಟು ಮೂರನ್ನೂ ಒಂದೇ ಉಸಿರಲ್ಲಿ ಹೇಳುತ್ತಾ ಸುತ್ತು ಮುಗಿಸುತ್ತಾರೆ. ಅವರ ಹಿಂದಿನವರು ಪುರಂದರದಾಸರ ಪದವನ್ನು ಪಲ್ಲವಿ, ಚರಣ, ಅಂಕಿತ ಒಂದನ್ನೂ ಬಿಡದೆ ಹಾಡುತ್ತಾರೆ. ಇಬ್ಬರ ಹಣೆಯಲ್ಲೂ ಬೆವರಿನ ಹನಿ ಇಲ್ಲ.

ಡಾಕ್ಟರ ಮಾತು ನಂಬಿ ಮೊದಲ ದಿನವೇ ನಾನು ಸ್ವಲ್ಪ ಜೋರಾಗಿ ಕಾಲು ಹಾಕಿದೆ. ಹಿಂದಿನಿಂದ ಸೀಟಿ.

"ಸಾರ್, ಓಡ್ಬಾರ್ದು ಸಾರ್. ಬೋರ್ಡ್ ನೋಡಿಲ್ವಾ?"

"ಓಡ್ತಿಲ್ಲಪ್ಪ. ನಡೀತಿದೀನಿ, ಸ್ವಲ್ಪ ಬೇಗ."

"ಇಲ್ಲ ಸಾರ್. ಕಾಲೆರಡೂ ಒಟ್ಟಿಗೆ ಮೇಲಕ್ಕೆ ಹೋಯ್ತು. ನಾನೇ ನೋಡ್ದೆ."

ಒಲಿಂಪಿಕ್ಸ್‌ನ ವೇಗದ ನಡಿಗೆ ಸ್ಪರ್ಧೆಯಲ್ಲೂ ಇದೇ ನಿಯಮ. ಒಂದು ಕಾಲು ಸದಾ ನೆಲದ ಮೇಲಿರಬೇಕು, ಇಲ್ಲದಿದ್ದರೆ ತೀರ್ಪುಗಾರರು ಹಿಡಿಯುತ್ತಾರೆ. ನಮ್ಮ ವಾಚ್‌ಮನ್‌ಗೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ, ತಾನಾಗಿಯೇ ಕಂಡುಕೊಂಡಿದ್ದಾನೆ. ಕನಕಪುರದ ಕಡೆಯವನು, ಐವತ್ತೈದರ ಆಸುಪಾಸು, ಕಡ್ಡಿಯಂಥ ಆಳು. ಬೆಳಗಿನ ಐದರಿಂದ ಪಾರ್ಕಿನ ಮೂಲೆಮೂಲೆಗೂ ಸುತ್ತಿ ಸೀಟಿ ಊದುವುದು ಅವನ ಕೆಲಸ. ಅಲ್ಲಿ ನಿಜವಾಗಿ ವ್ಯಾಯಾಮ ಮಾಡುತ್ತಿದ್ದವನು ಅವನೊಬ್ಬನೇ. ಅದಕ್ಕೆ ಸಂಬಳ ಬೇರೆ.

ಜಿಮ್ ಉಪಕರಣದ ದುರುಪಯೋಗ ಅಂದರೆ ಏನು ಎನ್ನುವುದೂ ಅವನಿಂದಲೇ ಗೊತ್ತಾಯಿತು. ಒಬ್ಬ ಹುಡುಗ ಕಂಬಿ ಹಿಡಿದು ಮೇಲಕ್ಕೆ ಎಳೆದುಕೊಳ್ಳುತ್ತಿದ್ದ. ಸೀಟಿ. ಅದು ದುರುಪಯೋಗ. ಅದೇ ಕಂಬಿಗೆ ಟವೆಲ್ಲು, ಸೊಪ್ಪಿನ ಚೀಲ, ಒಮ್ಮೊಮ್ಮೆ ಒದ್ದೆ ಛತ್ರಿ ನೇತು ಹಾಕಿದರೆ ಸದುಪಯೋಗ. ಪಕ್ಕದಲ್ಲಿರುವ ಉದ್ಘಾಟನೆಯ ಕಲ್ಲು ಉಪಕರಣಕ್ಕಿಂತ ಗಟ್ಟಿಮುಟ್ಟಾಗಿದೆ. ಸೈಕಲ್ಲಿನ ಪೆಡಲು ಉದುರಿ ವರ್ಷವಾಯಿತು, ಕಲ್ಲಿನ ಮೇಲಿನ ಒಂದು ಹೆಸರೂ ಮಾಸಿಲ್ಲ.

ನಮ್ಮ ಎದುರುಮನೆ ರಾಯರು ಪಾರ್ಕಿನ ಗೊಡವೆಗೇ ಹೋಗುವುದಿಲ್ಲ. ಮಗ ಅಮೆರಿಕದಿಂದ ಹೆಜ್ಜೆ ಎಣಿಸುವ ವಾಚು ಕಳಿಸಿದ್ದಾನೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗದಿದ್ದರೆ ಮಗನ ಫೋನಿಗೆ ಸುದ್ದಿ ಹೋಗುತ್ತದೆ. ಆ ಹತ್ತು ಸಾವಿರವನ್ನು ಯಾವ ಡಾಕ್ಟರೂ ಗೊತ್ತು ಮಾಡಿದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು. ಅದರ ಹೆಸರೇ 'ಹತ್ತು ಸಾವಿರ ಹೆಜ್ಜೆಯ ಮಾಪಕ'. ಹೆಸರು ಚೆನ್ನಾಗಿತ್ತು, ಲೆಕ್ಕ ಉಳಿದುಕೊಂಡಿತು. ಅದಕ್ಕಿಂತ ಕಡಿಮೆ ನಡೆದರೂ ಹೃದಯಕ್ಕೆ ಒಳ್ಳೆಯದೇ ಎಂದು ರಾಯರಿಗೆ ಹೇಳಿದೆ. "ನನಗೆ ಹೇಳಿ ಏನು ಪ್ರಯೋಜನ, ನನ್ನ ಮಗನಿಗೆ ಹೇಳಿ" ಅಂದರು. ಈಗ ಸಂಜೆ ಹೆಂಡತಿ ಚಪಾತಿ ಲಟ್ಟಿಸುವಾಗ ವಾಚನ್ನು ಅವರ ಕೈಗೆ ಕಟ್ಟುತ್ತಾರೆ. ಹೆಜ್ಜೆ ರಾಯರ ಲೆಕ್ಕಕ್ಕೆ, ಚಪಾತಿಯೂ ರಾಯರ ಲೆಕ್ಕಕ್ಕೆ.

ಇಂಥ ಊರಿಗೆ ಸೆಪ್ಟೆಂಬರ್ 29 ಬಂತು. ವಿಶ್ವ ಹೃದಯ ದಿನ. ಸಂಘದವರು 'ಹೃದಯಕ್ಕಾಗಿ ನಡಿಗೆ' ಇಟ್ಟರು. ಬೆಳಿಗ್ಗೆ ಆರೂವರೆಗೆ ಬರಬೇಕು, ಮೂರು ಕಿಲೋಮೀಟರ್ ಬಡಾವಣೆಯ ರಸ್ತೆಗಳಲ್ಲಿ ನಡಿಗೆ ಎಂದು ಕರಪತ್ರ. ರಸ್ತೆ ಅಗೆದಿದ್ದರಿಂದ ಅದು ಪಾರ್ಕಿನೊಳಗೆ ಎರಡು ಸುತ್ತಾಯಿತು. ಅತಿಥಿಗಳಿಗೆ ಬೇರೆ ಕಾರ್ಯಕ್ರಮ ಇದ್ದಿದ್ದರಿಂದ ಒಂದು ಸುತ್ತಾಯಿತು. ಮುನ್ನೂರು ಜನ, ಮುನ್ನೂರು ಕೆಂಪು ಟೀ ಶರ್ಟು, ಎಲ್ಲವೂ ಒಂದೇ ಅಳತೆ. ನನ್ನದು ಮೊಣಕಾಲಿಗೆ ಬರುತ್ತಿತ್ತು. ರಾಯರದ್ದು ಹೊಕ್ಕುಳ ದಾಟಲಿಲ್ಲ.

ಅತಿಥಿಗಳು ಬಂದಿದ್ದು ಏಳು ಐವತ್ತಕ್ಕೆ. ಅಲ್ಲಿಯವರೆಗೆ ನಾವು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆವು. ಆಮೇಲೆ ಪ್ರಾರ್ಥನೆ, ಸ್ವಾಗತ, ದೀಪ. ಬತ್ತಿ ಗಾಳಿಗೆ ಮೂರು ಸಲ ಆರಿತು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಒಂಬತ್ತಾದರೂ ಕೂತೇ ಇದ್ದೆವು. ನನ್ನ ಎಡಗಾಲು ಜೋಮು ಹಿಡಿಯಿತು.

ಕೊನೆಗೆ ಒಬ್ಬ ಡಾಕ್ಟರಮ್ಮನಿಗೆ ಮೂರು ನಿಮಿಷ ಕೊಟ್ಟರು. ಇಡೀ ಬೆಳಗಿನಲ್ಲಿ ಕೆಲಸಕ್ಕೆ ಬಂದ ಮಾತು ಅದೊಂದೇ. ಲಂಡನ್ನಿನ ಬಸ್ಸಿನ ಕಥೆ ಹೇಳಿದರು. ಜೆರ್ರಿ ಮಾರಿಸ್ ಎಂಬ ಡಾಕ್ಟರು ಅಲ್ಲಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿ ನೋಡಿ, 1953ರಲ್ಲಿ ಪ್ರಕಟಿಸಿದರು. ಡ್ರೈವರ್ ಇಡೀ ದಿನ ಕೂತಿರುತ್ತಾನೆ, ಕಂಡಕ್ಟರ್ ಟಿಕೆಟ್ ಹರಿಯುತ್ತಾ ಮೇಲೆ ಕೆಳಗೆ ಹತ್ತಿ ಇಳಿಯುತ್ತಾನೆ. ಒಂದೇ ಬಸ್ಸು, ಅದೇ ಹೊಗೆ, ಹೆಚ್ಚುಕಡಿಮೆ ಅಂಥದ್ದೇ ಮನೆ, ಅಂಥದ್ದೇ ಊಟ. ಆದರೂ ಹೃದಯಾಘಾತ ಆಗಿದ್ದು ಡ್ರೈವರುಗಳಿಗೇ ಜಾಸ್ತಿ. "ಹೃದಯವೂ ಒಂದು ಸ್ನಾಯು. ಕೆಲಸ ಕೊಟ್ಟರೆ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳೋದು ಕಲಿಯುತ್ತೆ. ಬಿ.ಪಿ. ಇಳಿಯುತ್ತೆ, ಸಕ್ಕರೆ ಹತೋಟಿಗೆ ಬರುತ್ತೆ. ಆ ಮಾರಿಸ್ ಅವರೇ 99 ವರ್ಷ ಬದುಕಿದರು. ಕೂರೋದು ಕಡಿಮೆ ಮಾಡಿ, ಅಷ್ಟೇ. ಈಗಲೇ ಶುರು ಮಾಡೋಣ, ಎಲ್ಲರೂ ಎದ್ದು ನಿಲ್ಲಿ!"

ನಾವು ಎದ್ದೆವು. ನಿರೂಪಕರು ಓಡಿ ಬಂದು ಮೈಕ್ ಕಸಿದುಕೊಂಡರು. "ದಯವಿಟ್ಟು ಎಲ್ಲರೂ ಕುಳಿತುಕೊಳ್ಳಬೇಕು. ದಾನಿಗಳ ಸನ್ಮಾನ ಬಾಕಿ ಇದೆ."

ಅಂತೂ ಒಂಬತ್ತೂವರೆಗೆ ಹಸಿರು ಬಾವುಟ ಬೀಸಿದರು. ಅನಾಹುತ ಆಗಿದ್ದು ಅಲ್ಲಿಯೇ. ಅತಿಥಿಗಳ ಕಾರು ಹಿಂದಿನ ಗೇಟಲ್ಲಿತ್ತು. ಅಲ್ಲಿಗೆ ಹತ್ತಿರದ ದಾರಿ ಅಪ್ರದಕ್ಷಿಣದ್ದು. ಅವರು ಅತ್ತಲೇ ಹೆಜ್ಜೆ ಹಾಕಿದರು. ಹಿಂದೆ ಸಂಘದ ಅಧ್ಯಕ್ಷರು, ಕಾರ್ಯದರ್ಶಿ, ಬ್ಯಾನರು, ಮುನ್ನೂರು ಕೆಂಪು ಟೀ ಶರ್ಟು. ಬೋರ್ಡು ಬರೆಸಿದವರೇ ಮುಂದೆ ಮುಂದೆ.

ವಾಚ್‌ಮನ್ ಮೊದಲು ಕಣ್ಣುಜ್ಜಿಕೊಂಡ. ಆಮೇಲೆ ಸೀಟಿ ಊದಿದ. ಯಾರೂ ನಿಲ್ಲಲಿಲ್ಲ. ಆಗ ಓಡಿದ ನೋಡಿ! ಹುಲ್ಲಿನ ಮೇಲೆ ಅಡ್ಡ ಹಾದು, ಕಾರಂಜಿಯ ಕಟ್ಟೆ ಹಾರಿ, ಒಂದು ಕೈಯಲ್ಲಿ ಟೋಪಿ ಹಿಡಿದು, ಬಾಯಲ್ಲಿ ಸೀಟಿ ಕಚ್ಚಿಕೊಂಡು ಓಡಿದ. ಜನ ಇದೂ ಕಾರ್ಯಕ್ರಮದ ಭಾಗ ಅಂದುಕೊಂಡು ಚಪ್ಪಾಳೆ ತಟ್ಟಿ ವಿಡಿಯೋ ಮಾಡಿದರು. ಅತಿಥಿಗಳ ಮುಂದೆ ಹೋಗಿ ಎರಡೂ ಕೈ ಅಗಲಿಸಿ ನಿಂತ.

"ಉಲ್ಟಾ ಸಾರ್! ಇದು ಉಲ್ಟಾ!"

ಮುಂದಿನವರು ನಿಂತರು. ಹಿಂದಿನವರಿಗೆ ಗೊತ್ತಾಗಲಿಲ್ಲ. ಬ್ಯಾನರಿನ ಕೋಲು ರಾಯರ ಹೊಟ್ಟೆಗೆ ಬಡಿಯಿತು. ಅತಿಥಿಗಳು ನಗುನಗುತ್ತಲೇ ಗಿಡಗಳ ಸಂದಿಯಲ್ಲಿ ನುಸುಳಿ ಕಾರು ಹತ್ತಿದರು. ಉಳಿದ ನಾವು ನಡಿಗೆ ಮುಗಿಯಿತು ಎಂದು ತೀರ್ಮಾನಿಸಿ ವಡೆಯ ಕಡೆ ಹೋದೆವು. ಅತ್ತ ಮಾತ್ರ ಯಾರೂ ನಿಧಾನ ಮಾಡಲಿಲ್ಲ.

ಆ ಭಾನುವಾರ ಸಂಘದ ಸಭೆ ಸೇರಿತು. ಅತಿಥಿಗಳು ಎತ್ತ ನಡೆದರು ಎನ್ನುವುದು ಚರ್ಚೆಗೇ ಬರಲಿಲ್ಲ. ವಾಚ್‌ಮನ್ ಪಾರ್ಕಿನಲ್ಲಿ ಓಡಿದ್ದು, ಹುಲ್ಲು ತುಳಿದಿದ್ದು ಎರಡಕ್ಕೂ ವಿಡಿಯೋ ಸಾಕ್ಷಿ ಇತ್ತು. ವಯಸ್ಸಾದವನು, ಹೋಗಲಿ ಪಾಪ ಎಂದು ಕೆಲಸದಿಂದ ತೆಗೆಯಲಿಲ್ಲ. ಇನ್ನು ಮೇಲೆ ಪಾರ್ಕಿನೊಳಗೆ ಸುತ್ತಕೂಡದು, ಗೇಟಿನ ಬಳಿ ಒಂದೇ ಕಡೆ ಕೂತಿರಬೇಕು ಎಂದು ಠರಾವಾಯಿತು. ಹೃದಯ ದಿನದ ದುಡ್ಡಿನಲ್ಲಿ ಉಳಿದಿದ್ದಕ್ಕೆ ಒಂದು ಕುರ್ಚಿ ತಂದರು. ಒರಗುವಂಥದ್ದು, ಗಾಲಿ ಇರುವಂಥದ್ದು.

ಮೊನ್ನೆ ಹೋದಾಗ ಬೋರ್ಡುಗಳ ಕೆಳಗೆ ಕೂತಿದ್ದ. ಶರ್ಟಿನ ಕೆಳಗಿನ ಗುಂಡಿ ಹಾಕಿರಲಿಲ್ಲ. ಹಾಕಲು ಬರುವಂತೆಯೂ ಇರಲಿಲ್ಲ.

"ಹೇಗಿದೀಯಪ್ಪ?" ಅಂದೆ.

"ಆರಾಮ್ ಸಾರ್. ಮೊದ್ಲು ನಾಯಿ ತರ ತಿರುಗ್ತಿದ್ದೆ. ಈಗ ಎದ್ದೇಳೋ ಕೆಲ್ಸಾನೇ ಇಲ್ಲ."

ಸರಿ ಎಂದು ಮುಂದೆ ಹೋದೆ. ಹತ್ತು ಹೆಜ್ಜೆ ಹಾಕಿರಲಿಲ್ಲ, ಬೆನ್ನ ಹಿಂದೆ ಸೀಟಿ. ಕೂತಲ್ಲಿಂದಲೇ ಊದಿದ್ದ. ನನ್ನ ಕಾಲೆರಡೂ ಒಟ್ಟಿಗೆ ಮೇಲಕ್ಕೆ ಹೋಗಿದ್ದುವಂತೆ.