ಜಡೆ ಹಾಕಿದ ಮೇಲೆ ಹೂವು

ತೊಗಲಿಗೆ ನಮ್ಮ ಕಡೆಯ ಮನೆಗಳಲ್ಲಿ ಹೊಸ್ತಿಲೇ ಗಡಿ. ಚಪ್ಪಲಿ ಬಾಗಿಲಾಚೆ ಬಿಡಬೇಕು, ಬಾರಕೋಲು ಕೊಟ್ಟಿಗೆಯ ಗೂಟಕ್ಕೆ ಜೋತುಬೀಳಬೇಕು. ಎತ್ತಿನ ಕೊರಳಿನ ಗೆಜ್ಜೆಪಟ್ಟಿ ಕಾರಹುಣ್ಣಿಮೆಯ ದಿನ ಊರೆಲ್ಲ ಮೆರೆದು ಬಂದರೂ ರಾತ್ರಿ ಮಲಗುವುದು ದನದ ಮನೆಯಲ್ಲೇ. ಯಾರೂ ಬರೆದಿಡದ ಕಾಯಿದೆ ಇದು. ಬರೆದಿಡದ ಕಾಯಿದೆಗಳಿಗೆ ವಿನಾಯಿತಿ ಬಹಳ. ಭಜನೆಯ ದಿನ ತಬಲಾ ಸೀದಾ ದೇವರ ಕೋಣೆಯ ಎದುರಿಗೇ ಬಂದು ಕೂಡುತ್ತದೆ. ಅದರ ಮುಖವೂ ತೊಗಲು, ಬಿಗಿದ ಬಾರೂ ತೊಗಲು. ಮಾವನವರ ಪಾಕೀಟು ತೊಗಲಿನದು, ಅದರೊಳಗೆ ಲಕ್ಷ್ಮಿಯ ಫೋಟೋ. ಪುರಾಣದ ಸಂಜೆ ಸ್ವಾಮಿಗಳು ಹರಳಯ್ಯ ಕಲ್ಯಾಣಮ್ಮನವರ ಕಥೆ ಎತ್ತಿಕೊಂಡರಂತೂ ಮುಗಿಯಿತು. ಗಂಡಹೆಂಡತಿ ತಮ್ಮ ತೊಡೆಯ ತೊಗಲಿನಿಂದಲೇ ಬಸವಣ್ಣನಿಗೆ ಚಮ್ಮಾವುಗೆ ಹೊಲಿದದ್ದು, ಬಸವಣ್ಣ ಅದನ್ನು ಕಾಲಿಗೆ ಮೆಟ್ಟದೆ ತಲೆಯ ಮೇಲೆ ಹೊತ್ತದ್ದು ಕೇಳಿ ಇಡೀ ಮಠ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತದೆ. ಕಣ್ಣೊರೆಸಿಕೊಂಡು ಹೊರಗೆ ಬಂದು, ನಮ್ಮ ಚಪ್ಪಲಿಯನ್ನು ಕಾಲಿನಿಂದಲೇ ಹುಡುಕಿ, ಕೈ ತಾಗಿಸದೆ ಮೆಟ್ಟಿಕೊಂಡು ಮನೆಗೆ ಹೋಗುತ್ತೇವೆ.

ಇಂಥ ಮನೆಯಲ್ಲಿ, ಅದೂ ಅಡುಗೆಮನೆಗೆ ಹತ್ತಿದ ಪಡಸಾಲೆಯಲ್ಲಿ, ನಾನು ಒಂದು ಗೇಣು ತೊಗಲು ಹರಡಿಕೊಂಡು ಕೂತದ್ದಕ್ಕೆ ಕಾರಣ ನನ್ನ ಮಗಳು. ಕಾಲೇಜಿನ ಗೆಳತಿಯ ಕೈಯಲ್ಲಿ ಹೆಣೆದ ತೊಗಲಿನ ಕೈಪಟ್ಟಿ ಕಂಡಿದ್ದಾಳೆ. ನಟ್ಟನಡುವೆ ತಂತಿಗೆ ಮಣಿ ಪೋಣಿಸಿ ಮಾಡಿದ ಪುಟ್ಟ ಹೂವು. ಅಂಥದ್ದೇ ಬೇಕು ಎಂದಳು. ಬೆಲೆ ಕೇಳಿದ ಮೇಲೆ ನಾನು, ‘ಇದರಾಗೇನೈತಿ, ಜಡಿ ಹಾಕೂದು, ಹೂ ಮುಡಸೂದು’ ಎಂದೆ. ಅವಳ ತಲೆಗೆ ಇಷ್ಟು ವರ್ಷ ಮಾಡಿಕೊಂಡು ಬಂದದ್ದು ಅದನ್ನೇ ತಾನೆ?

ಸೊಲ್ಲಾಪುರದಲ್ಲಿ ತೊಗಲಿಗಾಗಿ ದೂರ ಹೋಗಬೇಕಿಲ್ಲ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ಗೊತ್ತಾದ ಊರುಗಳಲ್ಲಿ ಮಾಡಿದ್ದಕ್ಕಷ್ಟೇ ಆ ಹೆಸರು ಸಲ್ಲುವ ಹಕ್ಕು, ಸಿಕ್ಕಿತಲ್ಲ, ಅದರ ವ್ಯಾಪ್ತಿಗೆ ಸೇರಿದ್ದು 8 ಜಿಲ್ಲೆ. ಮಹಾರಾಷ್ಟ್ರದ ಕಡೆಯಿಂದ ಕೊಲ್ಹಾಪುರ, ಸಾಂಗಲಿ, ಸಾತಾರಾ ಮತ್ತು ನಮ್ಮ ಸೊಲ್ಲಾಪುರ. ಕರ್ನಾಟಕದ ಕಡೆಯಿಂದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅತ್ತ ನಾಲ್ಕು, ಇತ್ತ ನಾಲ್ಕು. ಎರಡೂ ರಾಜ್ಯಗಳು ಗಡಿಯ ವಿಷಯದಲ್ಲಿ ಇಷ್ಟು ಸಮನಾಗಿ ಪಾಲು ಹಂಚಿಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೆಸರು ಮಾತ್ರ ಕೊಲ್ಹಾಪುರದ್ದು. ಇದೇ ಚಪ್ಪಲಿ ಹೊಲಿಯುವ ಬೆಳಗಾವಿ ಜಿಲ್ಲೆಯ ಅಥಣಿಯವರು ಇಂದಿಗೂ ಇದಕ್ಕೆ ಸ್ವಲ್ಪ ಮುಖ ಊದಿಸುತ್ತಾರೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಮೇಳದಲ್ಲಿ ಇದೇ ನಮೂನೆಯ ಚಪ್ಪಲಿಯನ್ನು ಯಾರ ಹೆಸರೂ ಹೇಳದೆ ಮೆರೆಸಿದಾಗ ಗದ್ದಲವಾಯಿತು, ಆಮೇಲೆ ಕಂಪನಿ ಅದರ ಮೂಲ ಒಪ್ಪಿಕೊಂಡಿತು. ಆ ವಾರವೆಲ್ಲ ನಮ್ಮ ಓಣಿಯ ಮೂಲೆಯಲ್ಲಿ ಬೇವಿನ ಮರದ ಕೆಳಗೆ ಕೂತು ಚಪ್ಪಲಿ ಹೊಲಿಯುವ ಕಾಕಾನ ಮುಂದೆ ಸುದ್ದಿ ಹೇಳುವವರ ದಂಡೇ ಇತ್ತು. ಕಾಕಾ ಅಥಣಿ ಕಡೆಯವರು. ‘ಅವರು ಮಾಡ್ಯಾರಂದ್ರ ನಮ್ದು ಚಲೋನೇ ಇರಬೇಕಲ್ರೀ’ ಎಂದು ಚಪ್ಪಲಿಯ ಉಂಗುಟ ಹೊಲಿಯುತ್ತ ಕೂತಿದ್ದರು.

ನಾನು ತೊಗಲು ಕೇಳಿದ್ದೂ ಅವರನ್ನೇ. ಕೊಟ್ಟರು. ಜೊತೆಗೆ ಒಂದು ಮಾತನ್ನೂ ಕೊಟ್ಟರು: ‘ಅಕ್ಕಾರ, ಒಣ ತೊಗಲ ಹೆಣೀಬ್ಯಾಡ್ರಿ, ಸೀಳತೈತಿ. ನೀರ ಹಚ್ಚಿ ಅದು ಸಾಕಂದ ಮ್ಯಾಲ ಕೈ ಹಚ್ಚರಿ.’ ತೊಗಲು ಸಾಕು ಎನ್ನುವುದು ಹೇಗೆಂದು ಅವರು ಹೇಳಲಿಲ್ಲ, ತೋರಿಸಿದರು. ಒದ್ದೆ ಬಟ್ಟೆಯಿಂದ ಒರೆಸಿದ ಕೂಡಲೇ ಅದು ಕಪ್ಪೇರುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮೇಲಿನ ಕಪ್ಪು ಹಿಂಜರಿದು ಮೊದಲಿನ ಬಣ್ಣ ಮರಳುತ್ತದೆ, ಒಳಗೆ ಮಾತ್ರ ತಂಪು ಉಳಿಯುತ್ತದೆ. ಕೆನ್ನೆಗೆ ಹಿಡಿದರೆ ಆ ತಂಪು ತಿಳಿಯುತ್ತದೆ. ಅದೇ ಹದ. ಎಲ್ಲ ತೊಗಲಿಗೂ ಈ ಗುಣ ಇಲ್ಲ. ಪರ್ಸು ಜಾಕೆಟ್ಟುಗಳದ್ದು ಸಾಮಾನ್ಯವಾಗಿ ಕ್ರೋಮಿಯಂ ಲವಣದಲ್ಲಿ ಹದಗೊಂಡದ್ದು. ಮೆತ್ತಗಿರುತ್ತದೆ, ಬಣ್ಣಬಣ್ಣದ್ದಿರುತ್ತದೆ, ಆದರೆ ಬಗ್ಗಿಸಿದ ಆಕಾರ ಹಿಡಿದು ನಿಲ್ಲುವುದಿಲ್ಲ. ಚಪ್ಪಲಿಯದ್ದು ಜಾಲಿ ಚಕ್ಕೆ, ಅಳಲೆಕಾಯಿಗಳ ಒಗರು ನೀರಿನಲ್ಲಿ ದಿನಗಟ್ಟಲೆ ನೆನೆದು ಹದವಾದದ್ದು. ಅದು ನೀರು ಕುಡಿಯುತ್ತದೆ, ಒದ್ದೆಯಿದ್ದಾಗ ಹೇಳಿದ ಮಾತು ಕೇಳುತ್ತದೆ, ಒಣಗಿದ ಮೇಲೆ ಕೇಳಿದ ಮಾತಿಗೆ ನಿಲ್ಲುತ್ತದೆ. ನನಗೆ ಇದೇ ಮೇಲು ಅನ್ನಿಸುತ್ತದೆ. ಕೈಯ ಬೆವರು, ತಲೆಯ ಎಣ್ಣೆ ತಾಗುತ್ತ ತಾಗುತ್ತ ಅದರ ಬಣ್ಣ ಗಾಢವಾಗುತ್ತ ಹೋಗುತ್ತದೆ.

ಇನ್ನು ಜಡೆ. ಮೂರು ಕಾಲಿನ ಜಡೆ ಯಾವ ಹೆಣ್ಣುಮಗಳಿಗೆ ಬರುವುದಿಲ್ಲ? ಆದರೆ ಈ ಕೈಪಟ್ಟಿಯ ಜಡೆಯಲ್ಲಿ ಒಂದು ಕಿತಾಪತಿ ಇದೆ. ತಲೆಗೂದಲಿಗೆ ಕೆಳಗಡೆ ಬಿಡುತುದಿ ಇರುತ್ತದೆ. ಈ ಪಟ್ಟಿಗೆ ಎರಡೂ ಕಡೆ ತಲೆ! ಬೆರಳಗಲದ ಪಟ್ಟಿಯನ್ನು ತೆಗೆದುಕೊಂಡು, ಎರಡೂ ತುದಿಯಲ್ಲಿ ಒಂದೊಂದು ಅಂಗುಲ ಇಡಿಯಾಗಿ ಬಿಟ್ಟು, ನಡುವೆ ಮಾತ್ರ ಉದ್ದಕ್ಕೆ ಎರಡು ಸೀಳು ಹಾಕುತ್ತಾರೆ. ಸೀಳಿನ ಕೊನೆಯಲ್ಲಿ ಆರಿಯಿಂದ, ಅಂದರೆ ತೊಗಲು ಚುಚ್ಚುವ ದಬ್ಬಣದಿಂದ, ಸಣ್ಣ ತೂತು. ಇಲ್ಲದಿದ್ದರೆ ಎಳೆದಂತೆಲ್ಲ ಸೀಳು ಮುಂದುವರಿಯುತ್ತದೆ. ಈಗ ಕೈಯಲ್ಲಿರುವುದು ಎರಡೂ ಕಡೆ ಕಟ್ಟಿಹಾಕಿಸಿಕೊಂಡ ಮೂರು ಎಳೆ. ಇದನ್ನು ಜಡೆ ಹಾಕುವುದು ಆಗದ ಮಾತು ಎಂದು ಯಾರಿಗಾದರೂ ಅನ್ನಿಸಬೇಕು. ಅಂಗಡಿಯಲ್ಲಿ ತೂಗುಬಿಟ್ಟದ್ದನ್ನು ನೋಡಿದವರೂ ಮಧ್ಯದಲ್ಲಿ ಎಲ್ಲೋ ಕತ್ತರಿಸಿ ಅಂಟಿಸಿದ್ದಾರೆ ಅಂದುಕೊಳ್ಳುತ್ತಾರೆ. ಎಲ್ಲೂ ಅಂಟಿಸಿರುವುದಿಲ್ಲ.

ಮೇಲಿನ ತುದಿಯನ್ನು ಹಲಗೆಗೆ ಚಿಮುಟಿಗೆಯಿಂದ ಹಿಡಿಸಿ ಎಂದಿನಂತೆ ಹೆಣೆಯಲು ಹೊರಟರೆ, ಮೇಲೆ ಜಡೆ ಆದಷ್ಟೂ ಕೆಳಗೆ ಅದರ ಉಲ್ಟಾ ಗಂಟು ಕೂಡುತ್ತ ಹೋಗುತ್ತದೆ. ಎಡದ್ದು ನಡುವಕ್ಕೆ, ಬಲದ್ದು ನಡುವಕ್ಕೆ, ಮತ್ತೆ ಎಡದ್ದು. ಮೂರು ಸಲ ಆದ ಮೇಲೆ ಕೆಳಗಿನ ಇಡೀ ತುದಿಯನ್ನು ಎಳೆಗಳ ನಡುವಿನ ಸಂದಿಯಿಂದ ತೂರಿಸಿ ಈಚೆ ತೆಗೆಯಬೇಕು. ಇನ್ನು ಮೂರು ಸಲ ಹೆಣೆದು ಇನ್ನೊಮ್ಮೆ ತೂರಿಸಿದರೆ ಕೆಳಗಿನ ಗೋಜಲೆಲ್ಲ ತಾನಾಗಿ ಬಿಚ್ಚಿಕೊಂಡು ಮೂರೂ ಎಳೆ ನೆಟ್ಟಗೆ ನಿಲ್ಲುತ್ತವೆ. ಆರು ಆರರ ಲೆಕ್ಕ. ಆರಕ್ಕೆ ಒಂದು ಕಡಿಮೆಯಾದರೂ ಪಟ್ಟಿ ತಿರುಚಿಕೊಂಡೇ ಇರುತ್ತದೆ. ಹೆಣಿಗೆ ಉದ್ದವನ್ನು ನುಂಗುವುದರಿಂದ ಮಣಿಕಟ್ಟಿನ ಅಳತೆಗಿಂತ ಸುಮಾರು ಮೂರನೇ ಒಂದು ಪಾಲು ಹೆಚ್ಚಿಗೆ ಕತ್ತರಿಸಿಕೊಂಡಿರಬೇಕು. ಕಾಕಾ ಇದನ್ನೆಲ್ಲ ನೋಡಿ ನಕ್ಕರು. ಬಾರಕೋಲಿನ ತುದಿಯನ್ನು ನಾಲ್ಕು ಎಳೆ, ಆರು ಎಳೆಯಲ್ಲಿ ದುಂಡಗೆ ಹೆಣೆದವರಿಗೆ ಇದು ಆಟ. ಎತ್ತಿನ ಬೆನ್ನಿಗೆ ಬೀಳುತ್ತಿದ್ದ ವಿದ್ಯೆ ಈಗ ಹುಡುಗಿಯರ ಕೈಗೆ ಬಂದಿದೆ, ಎತ್ತುಗಳು ಬದುಕಿದವು.

ಜಡೆಯಾಯಿತು, ಹೂವು? ಮಣಿಗೆ ನವೀ ಪೇಠಕ್ಕೆ ಹೋಗಬೇಕು. ನಮ್ಮೂರಿನ ಪೇಟೆಯಲ್ಲಿ ಬೆಲೆಯನ್ನು ಮರಾಠಿಯಲ್ಲಿ ಕೇಳಿ, ಕನ್ನಡದಲ್ಲಿ ಗೊಣಗಿ, ಪಕ್ಕದವರು ತೆಲುಗಿನಲ್ಲಿ ಇಳಿಸಿದ ಬೆಲೆಗೆ ಕೊಳ್ಳುವುದು ರೂಢಿ. ಹೂವಿಗೆ ಬೇಕಾದದ್ದು 11 ನಂಬರಿನ ಗಾಜಿನ ಮಣಿ, ಸುಮಾರು 2 ಮಿಲಿಮೀಟರಿನದು. 8 ನಂಬರಿನದು ಇದಕ್ಕಿಂತ ದೊಡ್ಡದು. ತಂತಿಯ ಗೇಜೂ ಹಾಗೆಯೇ: 26ಕ್ಕಿಂತ 28 ತೆಳುವು. ಸರಕಾರಿ ನೌಕರಿಯ ದರ್ಜೆಗಳಂತೆ ಇಲ್ಲಿಯೂ ನಂಬರು ಏರಿದಂತೆ ಆಸಾಮಿ ಸಣ್ಣವನಾಗುತ್ತಾನೆ.

ಈ ಸಾಸಿವೆಗಾತ್ರದ ಮಣಿಯನ್ನು ಒಂದೊಂದಾಗಿ ಉಂಡೆ ಕಟ್ಟಿ ತೂತು ಹಾಕುತ್ತಾರೆಂದು ನನ್ನ ಮಗಳು ಬಹಳ ದಿನ ನಂಬಿದ್ದಳು. ಹಾಗಲ್ಲ. ಆಂಧ್ರದಲ್ಲಿ, ತಿರುಪತಿಯ ಹತ್ತಿರ ಪಾಪಾನಾಯುಡುಪೇಟ ಎಂಬ ಊರಿದೆ, ಗಾಜಿನ ಮಣಿಗೆ ಹೆಸರಾದದ್ದು. ಕುಲುಮೆಯಲ್ಲಿ ಕರಗಿದ ಗಾಜಿನ ಮುದ್ದೆಯನ್ನು ಒಳಗೆ ಟೊಳ್ಳು ಉಳಿಯುವ ಹಾಗೆ ಉದ್ದಕ್ಕೆ ಎಳೆಯುತ್ತಾರೆ. ಕೂದಲಿಗಿಂತ ತುಸು ದಪ್ಪದ ತೂತಿರುವ ಕೊಳವೆ ಬರುತ್ತದೆ. ಅದನ್ನು ಚೂರುಚೂರಾಗಿ ತುಂಡರಿಸಿ ಮತ್ತೆ ಬಿಸಿ ಮಾಡಿದರೆ ಅಂಚು ಕರಗಿ ದುಂಡಾಗುತ್ತದೆ. ಅಂದರೆ ತೂತು ಮೊದಲು, ಮಣಿ ಆಮೇಲೆ. ಕೈಯಿಂದ ತುಂಡರಿಸಿದ್ದು ಒಂದರಂತೆ ಒಂದು ಇರುವುದಿಲ್ಲ. ಜಪಾನಿನ ಮಣಿ ಅಳತೆಗೆ ಪಕ್ಕಾ, ಬೆಲೆಗೂ ಪಕ್ಕಾ. ನಾನು ಓರೆಕೋರೆಯದ್ದನ್ನೇ ತಂದೆ. ಸಣ್ಣವನ್ನು ಎಸಳಿನ ಬುಡಕ್ಕೆ, ದೊಡ್ಡವನ್ನು ತುದಿಗೆ ಹಾಕಿದರೆ ಎಸಳು ತಾನಾಗಿಯೇ ಅಗಲವಾಗುತ್ತದೆ. ಪಕ್ಕಾ ಮಣಿಯಲ್ಲಿ ಈ ಸೊಗಸು ಬರುವುದಿಲ್ಲ.

ತಂತಿಯನ್ನು ತಂದದ್ದು ಮೋಟಾರು ವೈಂಡಿಂಗಿನ ಅಂಗಡಿಯಿಂದ. ಮಗ್ಗಗಳ ಊರಿನಲ್ಲಿ ಸುಟ್ಟ ಮೋಟಾರಿಗೆ ಬರವಿಲ್ಲ, ವೈಂಡಿಂಗಿನವರಿಗೂ ಬರವಿಲ್ಲ. ತಾಮ್ರದ ಆ ತಂತಿಗೆ ಮೇಲೆ ಅರಗಿನಂಥ ತೆಳು ಲೇಪ ಇರುತ್ತದೆ. ಬರೀ ತಾಮ್ರವಾದರೆ ಬೆವರಿಗೆ ಹಸಿರುಗಟ್ಟಿ ಕೈಗೆ ಮಚ್ಚೆ ಬೀಳುತ್ತದೆ. ಒಂದು ಮೊಳ ತಂತಿಗೆ ಒಂಬತ್ತು ಮಣಿ ಪೋಣಿಸಿ, ಕುಣಿಕೆ ಮಾಡಿ, ಬುಡದಲ್ಲಿ ಎರಡು ಸುತ್ತು ತಿರುವಿದರೆ ಒಂದು ಎಸಳು. ಅದರ ಪಕ್ಕದಲ್ಲೇ ಇನ್ನೊಂದು. ಐದಾದ ಮೇಲೆ ನಡುವೆ ಒಂದು ದೊಡ್ಡ ಮಣಿ ಕೂಡಿಸಿ ಬಾಲಗಳೆರಡನ್ನೂ ಹಿಂದಕ್ಕೆ ತೆಗೆಯುವುದು. ತಿರುವುವಾಗ ಕೈ ತಡೆಯಬೇಕು. ತಾಮ್ರ ಮೊದಲು ಮೆತ್ತಗಿದ್ದರೂ ಬಗ್ಗಿಸಿದಷ್ಟೂ ಬಿರುಸಾಗುತ್ತದೆ, ಬಿರುಸಾದದ್ದು ಪಟಕ್ಕನೆ ಮುರಿಯುತ್ತದೆ. ಮುರಿದ ಕ್ಷಣ ಪಡಸಾಲೆಯ ಫರಶಿಯ ಮೇಲೆ ಮಣಿಗಳ ಮೆರವಣಿಗೆ ಹೊರಡುತ್ತದೆ, ಕಸಬರಿಗೆಗೆ ವಾರವಿಡೀ ಸಿಗುತ್ತಿರುತ್ತವೆ.

ದಾರದಲ್ಲಿಯೂ ಮಾಡಬಹುದಿತ್ತು. ನಮ್ಮ ಅತ್ತೆಯವರ ಮಣಿ ತೋರಣದಲ್ಲಿ ಎದುರುಬದುರು ಕೂತ ಗಿಳಿಗಳು ದಾರದವೇ. ಸೂಜಿಯನ್ನು ಬಟ್ಟಲಿನ ಮಣಿಗಳೊಳಗೆ ಅದ್ದಿ ಎತ್ತಿದರೆ ಐದಾರು ಮಣಿ ಒಮ್ಮೆಗೇ ಏರಿಕೊಂಡು ಬರುವ ಕೈ ಅವರದು. ಆದರೆ ದಾರದ ಹೂವು ಬಾಗಿಲ ಮೇಲೆ ತೂಗಿದರೆ ಚಂದ. ಕೈ ಮೇಲೆ ಎದ್ದು ನಿಲ್ಲಬೇಕೆಂದರೆ ತಂತಿಯೇ ಆಗಬೇಕು. ಫ್ರಾನ್ಸಿನಲ್ಲಿ ನೂರು ವರ್ಷದ ಹಿಂದೆ ಹೀಗೆಯೇ ತಂತಿ ಮಣಿಗಳಲ್ಲಿ ದೊಡ್ಡ ದೊಡ್ಡ ಹೂಚಕ್ರ ಮಾಡಿ ಗೋರಿಗಳ ಮೇಲೆ ಇಡುತ್ತಿದ್ದರು, ಬಿಸಿಲು ಮಳೆಗೆ ಬಾಡಬಾರದೆಂದು. ಈ ಸಂಗತಿಯನ್ನು ನಾನು ಮನೆಯಲ್ಲಿ ಬಾಯಿ ಬಿಟ್ಟಿಲ್ಲ. ತೊಗಲು ಒಳಗೆ ಬಂದದ್ದೇ ಹೆಚ್ಚಾಗಿರುವಾಗ ಗೋರಿಯ ಹೂವನ್ನೂ ಎಲ್ಲಿ ತರಲಿ?

ಅತ್ತೆ ಮೊದಲ ದಿನ ದೂರದಿಂದ ನೋಡಿದರು. ‘ಏನ್ ಮಾಡ್ಲಾಕತ್ತೀಯವಾ ಅದು, ಚಪ್ಪಲಿ ಏನು?’

‘ಅಲ್ರೀ ಅತ್ತಿ, ಕೈಗೆ ಹಾಕ್ಕೊಳ್ಳೂದು.’

‘ಕಾಲಿಂದು ಕೈಗೆ ಬಂತು. ನಾಳಿ ಕೈದು ತಲಿಗಿ ಬರತದ.’

ಬಸವಣ್ಣನ ತಲೆಗೆ ಬಂದಿತ್ತಲ್ಲ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಅತ್ತೆಗೆ ಎದುರಾಡುವ ಮಾತನ್ನು ತುದಿಯಲ್ಲೇ ಇಟ್ಟುಕೊಳ್ಳುವುದು ನನಗೆ ಅಭ್ಯಾಸವಾಗಿದೆ. ಹೂವು ತಯಾರಾದ ಮೇಲೆ ಮಾತ್ರ ಅವರು ತಾವೇ ಹತ್ತಿರ ಬಂದು ಕನ್ನಡಕ ಏರಿಸಿದರು. ತಿಳಿಗೆಂಪು ಎಸಳು, ನಡುವೆ ಹಳದಿ. ‘ಇದು ಯಾವ ಹೂ?’ ಕಣಗಲ ಎಂದೆ. ‘ಕಣಗಲ ಯಾರರೆ ಕೈಗಿ ಕಟಗೋತಾರೇನು? ದೇವರಿಗಿ ಏರಸೂ ಹೂ ಅದು. ಶಾವಂತಿಗಿ ಮಾಡು.’ ಶಾವಂತಿಗಿ ಎಂದರೆ ಎಸಳು ಎಷ್ಟೆಂದು ಅವರಿಗೂ ಗೊತ್ತು, ಮಾಡುವವಳು ನಾನೆಂದೂ ಗೊತ್ತು. ಆಮೇಲೆ ಎಸಳುಗಳನ್ನು ಬೆರಳಿನಿಂದ ತುಸು ಮೇಲಕ್ಕೆ ಬಗ್ಗಿಸಿ, ಇದ್ದಕ್ಕಿದ್ದಂತೆ ನನ್ನ ಕೈಯಿಂದ ಪಟ್ಟಿಯನ್ನು ಇಸಿದುಕೊಂಡರು. ತೊಗಲೇ ಅದು, ಅವರ ತೊಡೆಯ ಮೇಲೆ, ಇಳಕಲ್ಲ ಸೀರೆಯ ಮೇಲೆ! ಹೆಣಿಗೆಯ ಎರಡು ಎಳೆಗಳ ಸಂದಿಯಲ್ಲಿ ತಂತಿಯ ಬಾಲ ತೂರಿಸಿದರು. ‘ಜಡಿ ಹಾಕಿದ ಮ್ಯಾಲ ಹೂ ಎಲ್ಲಿ ಮುಡಸಬೇಕಂಬುದು ನನಗ ಕಲಸಬ್ಯಾಡ’ ಎಂದರು. ನಾನು ಕಲಿಸಲು ಹೋಗಿರಲೇ ಇಲ್ಲ. ಹಿಂದೆ ತಂತಿ ತಿರುವಿ, ಮೊನೆಯನ್ನು ಒಳಕ್ಕೆ ಮಡಿಸಿ, ಚುಚ್ಚದ ಹಾಗೆ ಅದರ ಮೇಲೆ ತೊಗಲಿನ ಸಣ್ಣ ತುಂಡನ್ನು ಸೊಲ್ಯೂಷನ್ ಹಚ್ಚಿ ಅಂಟಿಸಿದ ಕೆಲಸ ಮಾತ್ರ ನನ್ನದು. ತುದಿಗಳಿಗೆ ಟಿಚ್ ಬಟನ್ ಕೂಡಿಸಿಕೊಟ್ಟವರು ಕಾಕಾ.

ಅವರು ಬಟನ್ ಕೂಡಿಸಿ, ಪಟ್ಟಿಯನ್ನು ತಿರುತಿರುಗಿಸಿ ನೋಡಿ, ಜಡೆಯ ಬಗ್ಗೆ ಏನೂ ಹೇಳಲಿಲ್ಲ. ಹೂವಿನ ಮೇಲೆ ಹೆಬ್ಬೆರಳು ಆಡಿಸುತ್ತ, ‘ಅಕ್ಕಾರ, ಇಂಥವು ನನಗೊಂದಿಷ್ಟು ಮಾಡಿ ಕೊಡ್ತೀರೇನು? ಹೆಣ್ಣಮಕ್ಕಳ ಚಪ್ಪಲಿಗೆ, ಉಂಗುಟದ ಹತ್ರ ಕೂಡಸ್ತೀನಿ. ಜಾತ್ರಿಗೆ ಹೋಗತಾವ’ ಎಂದರು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ. ನಂದಿಕೋಲು ನೋಡಲು ಬಂದವರೆಲ್ಲ ಹೋಮ್ ಮೈದಾನದಲ್ಲಿ ಏನಾದರೊಂದು ಕೊಳ್ಳದೆ ಹೋಗುವುದಿಲ್ಲ.

ಮನೆಗೆ ಬಂದು ಹೇಳಿದೆ. ಅತ್ತೆ ಸಿಡಿದೇಳುತ್ತಾರೆ ಎಂದುಕೊಂಡಿದ್ದೆ. ಹೂವು, ಅದೂ ದೇವರಿಗೆ ಏರಿಸುವ ಕಣಗಲ, ಕಾಲಿಗೆ! ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಂದು ಹೂವಿಗಿ ಏನ್ ಕೊಡತಾನಂತ?’ ಎಂದರು. 15 ರೂಪಾಯಿ ಎಂದಿದ್ದಾರೆ ಎಂದೆ. ‘ಕೈಗಿ ಹಾಕೂದಾದ್ರ 15 ಆತು. ಕಾಲಿಗಿ ಹಾಕೂದಕ್ಕ 40 ಇಸಕೋ. ಕಣಗಲ ಬ್ಯಾಡ, ಹೆಸರಿಲ್ಲದ್ದೊಂದು ಹೂ ಮಾಡಿ ಕೊಡು.’

ಮಾತುಕತೆ ಇನ್ನೂ ನಡೆದಿದೆ. ಕಾಕಾ 20ಕ್ಕೆ ಏರಿದ್ದಾರೆ, ಅತ್ತೆ 35ಕ್ಕೆ ಇಳಿದಿದ್ದಾರೆ. ಮಣಿಯನ್ನು ಕಾಕಾ ತಂದುಕೊಟ್ಟರೆ 25ಕ್ಕೆ ಆಗಬಹುದು ಎಂದು ನಾನು ನಡುವೆ ಬಾಯಿ ಹಾಕಿದ್ದೇನೆ. ತಂತಿ ಯಾರದು ಎಂಬಲ್ಲಿ ಸಿಕ್ಕಿಕೊಂಡಿದೆ.